ನೀರಿನ ಬಾಕಿ ನೋಟೀಸು ಕನ್ನಡದಲ್ಲಿ, ನೀರಿನ ಕರಾರು ಇಂಗ್ಲಿಷಿನಲ್ಲಿ!

ಹುಬ್ಬಳ್ಳಿ-ಧಾರವಾಡದ ಗೆಳೆಯರೇ, ನಿಮ್ಮ ಓಣಿಯ ನಳಕ್ಕೆ ಮುಂದಿನ ಸಲ ನೀರು ಯಾವತ್ತು ಬರುತ್ತದೆ ಎಂದು ಹೇಳಬಲ್ಲವರು ಯಾರು? ಕಮಿಷನರ್ ಸಾಹೇಬರಲ್ಲ, ಕಾರ್ಪೊರೇಟರೂ ಅಲ್ಲ. ವಾಲ್ವ್ ತಿರುಗಿಸುವ ಮನುಷ್ಯ. ಆತನಿಗೆ ಓಣಿ ಗೊತ್ತು, ಓಣಿಯ ಭಾಷೆ ಗೊತ್ತು. ಆದರೆ ಆ ವಾಲ್ವ್ ಯಾರ ಕೈಯಲ್ಲಿರಬೇಕು, ಎಷ್ಟು ವರ್ಷ ಇರಬೇಕು, ನೀರು ಬಾರದಿದ್ದರೆ ದಂಡ ಯಾರು ತೆರಬೇಕು ಎಂದು ಬರೆದ ಕರಾರುಪತ್ರ ಇದೆಯಲ್ಲ, ಅದು ಇಂಗ್ಲಿಷಿನಲ್ಲಿದೆ. ಬಾಕಿ ಉಳಿಸಿಕೊಂಡರೆ ನಳ ಕತ್ತರಿಸುತ್ತೇವೆ ಎಂಬ ನೋಟೀಸು ಮಾತ್ರ ಅಚ್ಚ ಕನ್ನಡದಲ್ಲಿ ಬರುತ್ತದೆ!

ಕಥೆ 2004ರದು. ವಿಶ್ವಬ್ಯಾಂಕಿನಿಂದ 3.95 ಕೋಟಿ ಡಾಲರ್ ಸಾಲ ತಂದರು. ಹುಬ್ಬಳ್ಳಿ, ಧಾರವಾಡ, ಬೆಳಗಾವಿ, ಕಲಬುರಗಿಯ ಕೆಲವೇ ಬಡಾವಣೆಗಳನ್ನು ಆರಿಸಿ 24 ಗಂಟೆ ನೀರು ಕೊಡುವ ಪ್ರಯೋಗ. ನಡೆಸಲು ಫ್ರಾನ್ಸಿನ ವಿಯೋಲಿಯಾ ಬಂತು. ಸುಳ್ಳು ಹೇಳಬಾರದು, ಆ ಬಡಾವಣೆಗಳಲ್ಲಿ ನೀರು ಬಂತು. ಹೊಸ ಪೈಪು, ಮನೆಮನೆಗೆ ಮೀಟರು, ಹಗಲೂ ರಾತ್ರಿ ನೀರು. ಕೊಡಪಾನದ ಸಾಲು ಕರಗಿತು. ಆದರೆ ಅಲ್ಲಿದ್ದದ್ದು ಈ ಊರುಗಳ ಜನಸಂಖ್ಯೆಯ ಹತ್ತರಲ್ಲಿ ಒಂದು ಪಾಲು. ಉಳಿದ ಒಂಬತ್ತು ಪಾಲು ಜನ ಅದೇ ನೀರಿಗೆ ಐದು ದಿನ, ಎಂಟು ದಿನ ಕಾಯುತ್ತ ಕುಳಿತರು. ಒಂದೇ ಊರು, ಒಂದೇ ನದಿ, ರಸ್ತೆಯ ಆಚೆ ಒಂದು ನ್ಯಾಯ, ಈಚೆ ಒಂದು ನ್ಯಾಯ.

ಹುಬ್ಬಳ್ಳಿ-ಧಾರವಾಡ ಪೂರ್ತಿಗೆ ವಿಸ್ತರಿಸಲು ಎರಡನೇ ಸಾಲ ಮಂಜೂರಾದದ್ದು 2016ರಲ್ಲಿ. 10 ಕೋಟಿ ಡಾಲರ್. ನಡುವೆ ಹನ್ನೆರಡು ವರ್ಷ ಗುಳುಂ! ಆಮೇಲೆ ಗುತ್ತಿಗೆ ಎಲ್ ಅಂಡ್ ಟಿ ಪಾಲಾಯಿತು.

ಈ ಡಾಲರಿನ ಲೆಕ್ಕ ಸ್ವಲ್ಪ ಕೇಳಿ. 2005ರಿಂದೀಚೆಗೆ ಇಂಥ ವಿದೇಶಿ ಸಾಲವನ್ನು ದೆಹಲಿ ಅದೇ ಷರತ್ತುಗಳೊಂದಿಗೆ ರಾಜ್ಯದ ತಲೆಗೆ ದಾಟಿಸುತ್ತದೆ. ರೂಪಾಯಿ ಬಿದ್ದರೆ ನಷ್ಟ ಕರ್ನಾಟಕದ್ದು. 2016ರಲ್ಲಿ ಡಾಲರಿಗೆ 67 ರೂಪಾಯಿಯ ಆಸುಪಾಸು ಇತ್ತು. 80 ದಾಟಿ ಎಷ್ಟೋ ಕಾಲವಾಯಿತು. ಒಂದು ಇಂಚು ಪೈಪು ಹೆಚ್ಚಿಗೆ ಹಾಕದೆಯೇ ಸಾಲ ಬೆಳೆಯಿತು! ಕಟ್ಟುವವರು ಯಾರು? ಈಗ ಕಾಲೇಜಿನಲ್ಲಿರುವ ನೀವು.

ವಿಶ್ವಬ್ಯಾಂಕಿನ ಅಂತರರಾಷ್ಟ್ರೀಯ ಟೆಂಡರಿಗೆ ಮೂರು ಭಾಷೆ ನಡೆಯುತ್ತವೆ: ಇಂಗ್ಲಿಷ್, ಫ್ರೆಂಚ್, ಸ್ಪ್ಯಾನಿಷ್. ಸರಿ, ಸಾಲ ಕೊಡುವವನ ಹಟ ಅವನಿಗಿರಲಿ. ಕನ್ನಡದಲ್ಲಿ ಒಂದು ಪ್ರತಿ ತಯಾರಿಸಿ ನಿಮ್ಮ ಜನಕ್ಕೆ ಓದಲು ಕೊಡಬೇಡಿ ಎಂದು ವಾಷಿಂಗ್ಟನ್ನಿನಲ್ಲಿ ಯಾರೂ ಹೇಳಿಲ್ಲ. ಕೊಡದೆ ಕುಳಿತದ್ದು ನಮ್ಮವರೇ, ಬೆಂಗಳೂರಿನಲ್ಲಿ. ಕೇಳಿದರೆ, ಇವೆಲ್ಲ ಟೆಕ್ನಿಕಲ್ ವಿಷಯ, ಕನ್ನಡಕ್ಕೆ ಒಗ್ಗುವುದಿಲ್ಲ ಎನ್ನುತ್ತಾರೆ. ಹೌದೇ ಸ್ವಾಮಿ? ಯಾವುದೇ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಿ ಒಂದು ಕ್ರಯಪತ್ರ ಬಿಡಿಸಿ ನೋಡಿ. ಚಕ್ಕುಬಂದಿ, ಋಣಭಾರ, ಜಾಮೀನು, ತಪ್ಪಿದರೆ ನಷ್ಟಪರಿಹಾರ, ಎಲ್ಲವೂ ಕನ್ನಡದಲ್ಲಿ, ಕೋರ್ಟಿನಲ್ಲಿ ನಿಲ್ಲುವ ಹಾಗೆ ಬರೆದಿರುತ್ತಾರೆ. ಎರಡು ಎಕರೆ ಹೊಲಕ್ಕೆ ಸಾಕಾದ ಕನ್ನಡ ಎರಡು ಇಂಚಿನ ಪೈಪಿಗೆ ಸಾಲದೇ?

ಕಾಯ್ದೆಯ ಬೆಂಬಲವೂ ಇದೆ. 1992ರ ಸಂವಿಧಾನದ 74ನೇ ತಿದ್ದುಪಡಿ ನೀರು ಪೂರೈಕೆಯನ್ನು ನಗರಾಡಳಿತದ ಪಟ್ಟಿಗೆ ಸೇರಿಸಿತು. ಅಂದರೆ ಅದು ನಿಮ್ಮ ಪಾಲಿಕೆಯ ಕೆಲಸ. 2005ರ ಮಾಹಿತಿ ಹಕ್ಕು ಕಾಯ್ದೆಯ ಕಲಂ 4(4), ಸರ್ಕಾರ ತಾನಾಗಿಯೇ ಪ್ರಕಟಿಸಬೇಕಾದ ಮಾಹಿತಿಯನ್ನು ಹಂಚುವಾಗ ಸ್ಥಳೀಯ ಭಾಷೆಯನ್ನು ಗಮನದಲ್ಲಿಡಬೇಕು ಎನ್ನುತ್ತದೆ. ರಾಜ್ಯದ ಆಡಳಿತ ಭಾಷೆ ಕನ್ನಡ ಎಂಬ ಕಾಯ್ದೆಯಂತೂ 1963ರದು. ಆದರೂ ಕರಾರಿನ ಕಂತೆ ಬೀರುವಿನಲ್ಲಿ.

ಬೆಂಗಳೂರಿನವರು ನಗಬೇಡಿ, ನಿಮ್ಮದೂ ಇದೇ ಕಥೆ. ಹೊರವಲಯದ ನಗರಸಭೆಗಳ ಜನರಿಂದ 2000ದ ದಶಕದಲ್ಲಿಯೇ ನೀರಿಗೆಂದು ಮುಂಗಡ ವಂತಿಗೆ ಎತ್ತಿದರು. ನಲ್ಲಿಗಿಂತ ಮೊದಲು ರಸೀದಿ ಬಂತು! 2007ರಲ್ಲಿ ನಗರಕ್ಕೆ ಸೇರಿದ 110 ಹಳ್ಳಿಗಳಿಗೆಂದು ಜಪಾನಿನ ಜೈಕಾ ಸಾಲದಲ್ಲಿ ಕಟ್ಟಿದ ಕಾವೇರಿ 5ನೇ ಹಂತ, ದಿನಕ್ಕೆ 775 ದಶಲಕ್ಷ ಲೀಟರಿನದು, ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಿ. ಹದಿನೇಳು ವರ್ಷ ಟ್ಯಾಂಕರಿನವನಿಗೆ ಕೈಮುಗಿದದ್ದೇ ಆಯಿತು. ನಾಮಫಲಕದಲ್ಲಿ ಕನ್ನಡ ದೊಡ್ಡದಾಗಿರಲಿ ಎಂದು ಬಡಿದಾಡುವ ನಾವು, ಆ ಸಾಲದ ಪತ್ರದಲ್ಲಿ ಕನ್ನಡ ಎಲ್ಲಿದೆ ಎಂದು ಯಾವತ್ತಾದರೂ ಕೇಳಿದೆವೇ?

ಈಗ ಕೇಳೋಣ. ಬಿಳಿ ಹಾಳೆ ತೆಗೆದುಕೊಳ್ಳಿ, 10 ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ. ಪಾಲಿಕೆಯ, ಬೆಂಗಳೂರಾದರೆ ಜಲಮಂಡಳಿಯ, ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಕನ್ನಡದಲ್ಲೇ ಬರೆಯಿರಿ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ಕೇಳಬೇಕಾದದ್ದು ಇಷ್ಟು: ನೀರಿನ ಗುತ್ತಿಗೆಯ ಕರಾರುಪತ್ರದ ಕನ್ನಡ ಪ್ರತಿ, ಅದು ಇಲ್ಲವಾದರೆ ಇಲ್ಲ ಎಂಬ ಲಿಖಿತ ಉತ್ತರ, ಗುತ್ತಿಗೆದಾರರಿಗೆ ಈವರೆಗೆ ಹಾಕಿದ ದಂಡದ ವಿವರ. ಉತ್ತರಕ್ಕೆ 30 ದಿನದ ಗಡುವು. ಇಲ್ಲ ಎಂಬ ಉತ್ತರ ಬಂದರೆ ಜೋಪಾನವಾಗಿಡಿ. ಅದರ ನೂರು ಜೆರಾಕ್ಸ್ ಮಾಡಿಸಿ ನಿಮ್ಮ ವಾರ್ಡಿನ ಪ್ರತಿ ಟೀ ಅಂಗಡಿಯ ಗೋಡೆಗೆ ಅಂಟಿಸಿ.