ಹಸಿವು, ಚಪಲ ಮತ್ತು ಅವಮೌದರ್ಯ

ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯವು ಆರು ಬಾಹ್ಯ ತಪಸ್ಸುಗಳನ್ನು ಹೆಸರಿಸುತ್ತದೆ: ಅನಶನ, ಅವಮೌದರ್ಯ, ವೃತ್ತಿಪರಿಸಂಖ್ಯಾನ, ರಸಪರಿತ್ಯಾಗ, ವಿವಿಕ್ತಶಯ್ಯಾಸನ, ಕಾಯಕ್ಲೇಶ. ಇವುಗಳಲ್ಲಿ ಮೊದಲ ನಾಲ್ಕೂ ಆಹಾರಕ್ಕೆ ಸಂಬಂಧಿಸಿದವು. ಉಣ್ಣದಿರುವುದು, ಕಡಿಮೆ ಉಣ್ಣುವುದು, ಎಲ್ಲಿ ಹೇಗೆ ದೊರೆತರೆ ಉಣ್ಣಬೇಕೆಂದು ಮೊದಲೇ ಕಟ್ಟು ಹಾಕಿಕೊಳ್ಳುವುದು, ರುಚಿಯನ್ನು ಬಿಡುವುದು. 'ಉಪವಾಸ' ಎಂಬ ಒಂದೇ ಮಾತಿನಲ್ಲಿ ಮುಗಿಸಬಹುದಾಗಿದ್ದುದನ್ನು ಸೂತ್ರಕಾರರು ನಾಲ್ಕಾಗಿ ಒಡೆದುದೇಕೆ? ಪಠ್ಯವೆಂದು ಇದನ್ನು ಓದುವ ವಿದ್ಯಾರ್ಥಿಗಳು ಈ ಪ್ರಶ್ನೆಯನ್ನು ಅಪರೂಪಕ್ಕೆ ಕೇಳುತ್ತಾರೆ. ಹೊಸದಾಗಿ ಪಥ್ಯ ಹಿಡಿದು ಎರಡನೆಯ ವಾರದಲ್ಲಿ ಕೈಬಿಟ್ಟವರಿಗೂ ಇದೇ ಪ್ರಶ್ನೆ ಪ್ರಯೋಜನಕರ.

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳಂತಹ ಊರುಗಳಲ್ಲಿ ಇಂದು ಪಥ್ಯವು ಶ್ರೀಮಂತರ ಹವ್ಯಾಸವಾಗಿ ಉಳಿದಿಲ್ಲ. ಸಕ್ಕರೆ ಕಾಯಿಲೆ, ರಕ್ತದೊತ್ತಡಗಳ ಹೆಸರು ಹೇಳಿ ವೈದ್ಯರು ತೂಕ ಇಳಿಸಲು ಸೂಚಿಸುತ್ತಾರೆ. ಕೇಳಿದವರು ಬಹುಮಟ್ಟಿಗೆ ಮಾಡುವ ಮೊದಲ ಕೆಲಸ ಒಂದೇ: ರಾತ್ರಿಯ ಮುದ್ದೆಯನ್ನು ಬಿಡುವುದು. ನಾಲ್ಕು ದಿನ ನಡೆಯುತ್ತದೆ. ಐದನೆಯ ದಿನ ಸಂಜೆ ಬೇಕರಿಯ ಮುಂದೆ ನಿಂತು ಒಂದು ದಿಲ್‌ಪಸಂದ್, ಅದರ ಮೇಲೊಂದು ಸಕ್ಕರೆ ಹೆಚ್ಚಿದ ಚಹಾ. ಅನಂತರ ತನಗೆ ಮನೋಬಲವಿಲ್ಲವೆಂಬ ಕೊರಗು. ಇಲ್ಲಿ ಸೋತದ್ದು ಮನೋಬಲವಲ್ಲ, ವಿಂಗಡಣೆ. ಹಸಿವಿಗೆ ಸಲ್ಲಬೇಕಾದ ಮುದ್ದೆಯನ್ನು ಕಿತ್ತುಕೊಂಡು, ಚಪಲವನ್ನು ಮುಟ್ಟದೆ ಬಿಟ್ಟದ್ದರ ಫಲ ಅದು.

ಕನ್ನಡದ ಆಡುಮಾತು ಈ ಭೇದವನ್ನು ಚೆನ್ನಾಗಿ ಬಲ್ಲದು. ಹಸಿವು ಹೊಟ್ಟೆಯದು, ಚಪಲ ಬಾಯಿಯದು. ಹೊಟ್ಟೆ ಹಸಿದವನು ಮುದ್ದೆಯನ್ನೂ ಒಪ್ಪುತ್ತಾನೆ, ನಿನ್ನೆಯ ಬಸ್ಸಾರನ್ನೂ ಒಪ್ಪುತ್ತಾನೆ. ಬಾಯಿ ಚಪಲದವನಿಗೆ ಅದೇ ಬೇಕು, ಬೇರೆಯದು ಬೇಡ. ಪಥ್ಯದ ಆರಂಭದಲ್ಲಿ 'ಹಸಿವು' ಎದ್ದಾಗ ತಟ್ಟೆಯಲ್ಲಿ ಮುದ್ದೆ, ಹುರುಳಿಕಟ್ಟಿನ ಸಾರು ಕಲ್ಪಿಸಿಕೊಂಡರೆ ಸಾಕು. ಮನಸ್ಸು ಒಪ್ಪಿದರೆ ಅದು ಹಸಿವು, ಉಣ್ಣಬೇಕು. ಮುಖ ತಿರುಗಿಸಿದರೆ ಚಪಲ. ಹಸಿವಿಗೆ ಶಾಸ್ತ್ರವು ಸೂಚಿಸುವ ಉಪಾಯ ಅವಮೌದರ್ಯ, ಚಪಲಕ್ಕೆ ರಸಪರಿತ್ಯಾಗ. ಒಂದರ ಮದ್ದನ್ನು ಇನ್ನೊಂದಕ್ಕೆ ಕೊಟ್ಟರೆ ಗುಣ ಕಾಣದು.

ಅವಮೌದರ್ಯ, ಅಥವಾ ಊನೋದರ, ಎಂದರೆ ಹೊಟ್ಟೆಯನ್ನು ಸ್ವಲ್ಪ ಊನವಾಗಿ ಬಿಡುವುದು. ಮುನಿಗಳ ಆಚಾರಗ್ರಂಥಗಳು ಇದಕ್ಕೆ ಲೆಕ್ಕವನ್ನೇ ಕೊಡುತ್ತವೆ. ಪುರುಷನ ಪೂರ್ಣಾಹಾರ 32 ತುತ್ತು, ಸ್ತ್ರೀಯದು 28. ಅಲ್ಲಿಂದ ಒಂದೊಂದೇ ತುತ್ತನ್ನು ಇಳಿಸುತ್ತ ಹೋಗಬೇಕು. ಒಂದು ತುತ್ತು ಕಡಿಮೆಯಾದರೂ ಅದು ತಪಸ್ಸೇ. ಈ ಔದಾರ್ಯವನ್ನು ಇಂದಿನ ಪಥ್ಯಪಟ್ಟಿಗಳಲ್ಲಿ ಕಾಣುವುದು ಕಷ್ಟ. ಅವು ಮೊದಲ ದಿನವೇ ಅರ್ಧ ತಟ್ಟೆಯನ್ನು ಖಾಲಿ ಮಾಡಿಸುತ್ತವೆ. ಹಸಿವಿನ ಸ್ವಭಾವವೂ ತುತ್ತಿನ ಲೆಕ್ಕಕ್ಕೇ ಅನುಕೂಲ. ಗ್ರೆಲಿನ್ ಎಂಬ ಹಾರ್ಮೋನು ರೂಢಿಯ ಊಟದ ವೇಳೆಗೆ ಏರುತ್ತದೆ, ಉಣ್ಣದಿದ್ದರೂ ಕೆಲಹೊತ್ತಿನಲ್ಲಿ ತಾನೇ ಇಳಿಯುತ್ತದೆ. ಹಸಿವು ಅಲೆಯಾಗಿ ಬಂದುಹೋಗುವಂಥದು. ದಿನವಿಡೀ ಏರುತ್ತಲೇ ಇರುವುದಿಲ್ಲ. ರೂಢಿಯನ್ನು ತುತ್ತು ತುತ್ತಾಗಿ ಬದಲಿಸಿದರೆ ದೇಹ ಹೊಂದಿಕೊಳ್ಳುತ್ತದೆ. ಒಮ್ಮೆಗೇ ಕಡಿದರೆ ಸೇಡು ತೀರಿಸಿಕೊಳ್ಳುತ್ತದೆ.

ಆ ಸೇಡಿನ ಸ್ವರೂಪವನ್ನು ಶಿಡ್ಲಘಟ್ಟದ ಸೀಮೆಯ ರೇಷ್ಮೆ ಬೆಳೆಗಾರರು ನಿತ್ಯ ಕಾಣುತ್ತಾರೆ. ಹುಳು ನಾಲ್ಕು ಸಲ 'ಜ್ವರ'ಕ್ಕೆ ಕೂರುತ್ತದೆ, ಅಂದರೆ ಪೊರೆ ಕಳಚಲು ತಿನ್ನುವುದನ್ನು ನಿಲ್ಲಿಸುತ್ತದೆ. ನಾಲ್ಕನೆಯ ಜ್ವರದಿಂದ ಎದ್ದ ಮೇಲೆ ಅದು ತಿನ್ನುವ ಸೊಪ್ಪು ಅದರ ಇಡೀ ಬಾಳಿನ ಆಹಾರದ ನೂರಕ್ಕೆ 80 ಪಾಲಿಗೂ ಮಿಕ್ಕಿದ್ದು. ಅಹಿಂಸೆಯನ್ನು ಬೋಧಿಸುವ ಗ್ರಂಥಗಳ ಚರ್ಚೆಗೆ ರೇಷ್ಮೆಹುಳು ಮುಜುಗರದ ದೃಷ್ಟಾಂತವೇ ಸರಿ, ಆದರೂ ಉಪವಾಸದ ಮರುದಿನದ ಊಟದ ಬಗ್ಗೆ ಅದು ಹೇಳುವುದು ನಿಜ. ಶ್ರಾವಕಾಚಾರವು ಇದಕ್ಕೆ ತಡೆ ಹಾಕಿದ ಬಗೆ ಗಮನಾರ್ಹ. ಸಮಂತಭದ್ರರ ರತ್ನಕರಂಡಕದಲ್ಲಿ ಪ್ರೋಷಧವೆಂದರೆ ಒಪ್ಪೊತ್ತಿನ ಊಟ. ಅಷ್ಟಮಿಯ ಉಪವಾಸಕ್ಕೆ ಹಿಂದಿನ ದಿನ ಒಂದೇ ಊಟ, ಮರುದಿನವೂ ಒಂದೇ ಊಟ. ಧಾರಣೆ, ಪಾರಣೆಗಳೆಂಬ ಈ ಎರಡು ಮೆಟ್ಟಿಲುಗಳಿಲ್ಲದೆ ಉಪವಾಸವೇ ಪೂರ್ಣವಾಗದು.

ರಸಪರಿತ್ಯಾಗದ ಮಾತು ಬೇರೆ. ಹಾಲು, ಮೊಸರು, ತುಪ್ಪ, ಎಣ್ಣೆ, ಬೆಲ್ಲ, ಉಪ್ಪು ಎಂಬ ಆರು ರಸಗಳಲ್ಲಿ ಒಂದನ್ನೋ ಹಲವನ್ನೋ ಬಿಡುವುದು ಇದರ ಕ್ರಮ. ಹೊಟ್ಟೆ ತುಂಬ ಉಣ್ಣುತ್ತಲೇ ಇದನ್ನು ಆಚರಿಸಬಹುದು ಎಂಬುದೇ ಇದರ ಹೆಚ್ಚಳ. ವಾರದ ಒಂದೊಂದು ದಿನಕ್ಕೆ ಒಂದೊಂದು ರಸವನ್ನು ಬಿಡುವ ರೂಢಿ ದಿಗಂಬರ ಶ್ರಾವಕರಲ್ಲಿ ಇಂದಿಗೂ ಇದೆ. ಕನ್ನಡ ನಾಡಿನವರೆಂದು ಪರಂಪರೆ ಹೇಳುವ ಪೂಜ್ಯಪಾದರು ತಮ್ಮ ಸರ್ವಾರ್ಥಸಿದ್ಧಿಯಲ್ಲಿ ಉಪವಾಸವನ್ನು ವಿವರಿಸುವಾಗಲೂ ಅನ್ನದಿಂದ ಹೊರಡುವುದಿಲ್ಲ. ಶಬ್ದಾದಿ ವಿಷಯಗಳ ಉತ್ಸುಕತೆಯನ್ನು ಬಿಟ್ಟು ಐದೂ ಇಂದ್ರಿಯಗಳು ಒಳಗೆ ಬಂದು ನೆಲಸುವುದೇ ಉಪವಾಸವೆಂದು ಅವರ ವಿವರಣೆ. ಇದನ್ನು ಒಪ್ಪಿದರೆ, ಊಟ ಬಿಟ್ಟು ಕುಳಿತು ಮೊಬೈಲಿನಲ್ಲಿ ಬಿರಿಯಾನಿ ಬೇಯುವುದನ್ನು ನೋಡುವವನು ಉಪವಾಸದಲ್ಲಿ ಇಲ್ಲ. ಅವನ ಹೊಟ್ಟೆಯಷ್ಟೇ ಖಾಲಿಯಿದೆ. ಚಪಲ ಏಳುವುದು ಬಹುಪಾಲು ಕಣ್ಣು ಮೂಗುಗಳ ದಾರಿಯಲ್ಲಿ. ಬೇಕರಿಯ ಬೀದಿಯನ್ನು ತಪ್ಪಿಸಿ ಮನೆಗೆ ಹೋಗುವವನು ಹೇಡಿಯಲ್ಲ.

ಮೂರನೆಯದಾದ ವೃತ್ತಿಪರಿಸಂಖ್ಯಾನಕ್ಕೆ ಭದ್ರಬಾಹು–ಚಂದ್ರಗುಪ್ತರ ಕಥಾಪರಂಪರೆಯಲ್ಲಿ ಸೊಗಸಾದ ನಿದರ್ಶನವಿದೆ. ಹನ್ನೆರಡು ವರ್ಷದ ಕ್ಷಾಮಕ್ಕೆ ಅಂಜಿ ಸಂಘವು ದಕ್ಷಿಣಕ್ಕೆ ಬಂದ ಮೇಲೆ ಶಿಷ್ಯನು ಗುರುವಿನೊಡನೆ ಕಾಡಿನಲ್ಲಿ ಉಳಿಯುತ್ತಾನೆ. ಚರಿಗೆಗೆ ಹೊರಟಾಗ ಬಳೆ ತೊಟ್ಟ ಕೈಯೊಂದು ಮಾತ್ರ ಕಾಣಿಸಿಕೊಂಡು ಅನ್ನವನ್ನು ನೀಡುತ್ತದೆ, ನೀಡುವವರು ಕಾಣುವುದಿಲ್ಲ. ಹಸಿದ ಚಂದ್ರಗುಪ್ತನು ಅದನ್ನು ಮುಟ್ಟದೆ ಹಿಂದಿರುಗುತ್ತಾನೆ. ಇಲ್ಲಿ ಅವನು ಹಸಿವಿನೊಡನೆ ಸೆಣಸುವ ವರ್ಣನೆಯಿಲ್ಲ. ಆಹಾರ ಹೇಗೆ ದೊರೆತರೆ ಸ್ವೀಕಾರಯೋಗ್ಯವೆಂಬುದು ಹೊರಡುವ ಮೊದಲೇ ತೀರ್ಮಾನವಾಗಿತ್ತು. ಅನ್ನ ಎದುರಿಗಿದ್ದಾಗ ಮತ್ತೆ ತೀರ್ಮಾನಿಸುವ ಪ್ರಮೇಯ ಬರಲಿಲ್ಲ. ಹಸಿದ ಹೊತ್ತಿನಲ್ಲಿ ಏನು ತಿನ್ನಬೇಕೆಂದು ಯೋಚಿಸುವುದೇ ಪಥ್ಯದವರ ದೊಡ್ಡ ತಪ್ಪು. ಬೆರಳೊತ್ತಿದರೆ ಕಾಣದ ಕೈಯೊಂದು ಬಾಗಿಲಿಗೇ ಊಟ ತಂದಿಡುವ ಈ ಕಾಲದಲ್ಲಿ ಆ ಕಥೆಯ ನೆನಪು ಅಪ್ರಸ್ತುತವೇನಲ್ಲ.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆ ಅಗತ್ಯ. 'ಇಂದಿನ ಮಧ್ಯಂತರ ಉಪವಾಸವನ್ನು ನಮ್ಮವರು ಎಂದೋ ಕಂಡುಹಿಡಿದಿದ್ದರು' ಎಂಬ ಮಾತು ಭಾಷಣಗಳಲ್ಲಿ ಹೆಚ್ಚುತ್ತಿದೆ. ಪಠ್ಯ ಇದಕ್ಕೆ ಸಮ್ಮತಿಸುವುದಿಲ್ಲ. ಅನಶನವು ಯಾವ ದೃಷ್ಟಫಲವನ್ನೂ ಬಯಸದೆ ನಡೆಯಬೇಕೆಂದು ಪೂಜ್ಯಪಾದರು ಸ್ಪಷ್ಟವಾಗಿ ಹೇಳುತ್ತಾರೆ. ತಕ್ಕಡಿಯ ಮುಳ್ಳಿಗಿಂತ ದೃಷ್ಟವಾದ ಫಲ ಇನ್ನಾವುದಿದೆ? ಅವಮೌದರ್ಯಕ್ಕೆ ಅವರು ಕೊಡುವ ಪ್ರಯೋಜನಗಳು ಜಾಗರಣೆ, ದೋಷಶಮನ, ಸಂತೋಷ, ಸ್ವಾಧ್ಯಾಯದ ಸುಖ. ತೂಕದ ಹೆಸರಿಲ್ಲ. ತಪಸ್ಸಿನಿಂದ ಉಪಾಯವನ್ನು ಕಲಿಯುವುದು ಸರಿ, ತಪಸ್ಸನ್ನೇ ಪಥ್ಯವೆಂದು ಮಾರುವುದು ಗ್ರಂಥಕ್ಕೂ ಅನ್ಯಾಯ, ರೋಗಿಗೂ ಅಪಾಯ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಊಟ ಬಿಟ್ಟರೆ ರಕ್ತದ ಸಕ್ಕರೆ ಕುಸಿದು ಪ್ರಜ್ಞೆ ತಪ್ಪಬಹುದು.

ಇನ್ನೊಂದು ಭೇದವನ್ನೂ ಪೂಜ್ಯಪಾದರೇ ಗುರುತಿಸಿದ್ದಾರೆ. ತಾನಾಗಿ ಬಂದೆರಗಿದ್ದು ಪರೀಷಹ, ತಾನೇ ಮಾಡಿಕೊಂಡದ್ದು ಕಾಯಕ್ಲೇಶ. 22 ಪರೀಷಹಗಳ ಪಟ್ಟಿಯಲ್ಲಿ ಮೊದಲನೆಯದೇ ಕ್ಷುಧೆ. ನಂದಿಯ ಬಳಿಯ ಗೋಪಿನಾಥ ಬೆಟ್ಟದ ಸಂಸ್ಕೃತ ಶಾಸನವು ಅಲ್ಲಿದ್ದ ಅರ್ಹಂತನ ಚೈತ್ಯಾಲಯವನ್ನು ಹೊಗಳುತ್ತದೆ. ಈ ಸೀಮೆಯಲ್ಲಿ ತಾವೇ ಹಸಿವನ್ನು ಆರಿಸಿಕೊಂಡವರಿಗೆ ಒಂದು ಕಾಲದಲ್ಲಿ ನೆಲೆಯಿತ್ತು ಎಂಬುದಕ್ಕೆ ಅದು ಕುರುಹು. ಅದೇ ಸೀಮೆಯ ಜನ 1876–78ರ ಕ್ಷಾಮದಲ್ಲಿ ಆರಿಸಿಕೊಳ್ಳದ ಹಸಿವನ್ನೂ ಉಂಡರು. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರ 50 ಲಕ್ಷದಿಂದ 1881ರ ವೇಳೆಗೆ ಸುಮಾರು 42 ಲಕ್ಷಕ್ಕೆ ಇಳಿಯಿತು. ಈ ನಾಲ್ಕೂ ಊರುಗಳು 2007ರವರೆಗೆ ಸೇರಿದ್ದ ಕೋಲಾರ ಜಿಲ್ಲೆ ತೀವ್ರವಾಗಿ ನೊಂದವುಗಳಲ್ಲಿ ಒಂದು. ತಟ್ಟೆಯಲ್ಲಿ ಅನ್ನ ಬಿಡಬಾರದು, ಬಂದವರಿಗೆ ಒತ್ತಾಯಿಸಿ ಬಡಿಸಬೇಕು ಎಂಬ ಹಿರಿಯರ ಹಟದ ಹಿಂದೆ ಅಂತಹ ವರ್ಷಗಳ ನೆನಪೂ ಇರಬಹುದು. ಪಥ್ಯ ಹಿಡಿದ ಮೊಮ್ಮಗನ ತಟ್ಟೆಗೆ ಅಜ್ಜಿ ಇನ್ನೊಂದು ಮುದ್ದೆ ಹಾಕಲು ಬಂದಾಗ ಅವನು ಕೈ ಅಡ್ಡ ಹಿಡಿದು ಸಿಡುಕುವುದಕ್ಕಿಂತ, ಅರ್ಧ ಮುದ್ದೆಯನ್ನು ಹಾಕಿಸಿಕೊಂಡು, ಊಟದ ಮೇಲಿನ ಬೆಲ್ಲದ ತುಂಡನ್ನು ಬೇಡವೆನ್ನುವುದು ಲೇಸು. ಅರ್ಧ ಮುದ್ದೆ ಅವಮೌದರ್ಯಕ್ಕೆ ಸಾಲುತ್ತದೆ, ಬೆಲ್ಲವಂತೂ ಆರು ರಸಗಳಲ್ಲಿ ಒಂದು.