ಸಂಸ್ಥೆಯ ಮಾನವೋ, ಮಗುವಿನ ಮಾನವೋ?

ರಜೆ ಬಂತೆಂದರೆ ವಿಶ್ವವಿದ್ಯಾಲಯಗಳ ಬಾಗಿಲು ಮಕ್ಕಳಿಗೂ ತೆರೆದುಕೊಳ್ಳುತ್ತದೆ. ವಿಜ್ಞಾನ ಶಿಬಿರ, ಕ್ರೀಡಾ ತರಬೇತಿ, ವ್ಯಕ್ತಿತ್ವ ವಿಕಸನ, ಪ್ರವೇಶ ಪರೀಕ್ಷೆಯ ಸಿದ್ಧತೆ ಎಂದು ಹತ್ತಾರು ಹೆಸರುಗಳು. ಕೇಂದ್ರ ಸರಕಾರದ ಇನ್‌ಸ್ಪೈರ್ ಯೋಜನೆಯಡಿ ಪ್ರಥಮ ಪಿಯುಸಿಯ ವಿಜ್ಞಾನ ವಿದ್ಯಾರ್ಥಿಗಳಿಗಾಗಿ ಏರ್ಪಡುವ ಶಿಬಿರಗಳೂ ಇವುಗಳಲ್ಲಿ ಸೇರಿವೆ. ಇಂತಹ ಶಿಬಿರಕ್ಕೆ ಮಗ ಅಥವಾ ಮಗಳು ಆಯ್ಕೆಯಾದಾಗ ಮನೆಯವರು ಹೆಮ್ಮೆಪಡುವುದು ಸಹಜ. ಶುಲ್ಕವೆಷ್ಟು, ಊಟ ಹೇಗೆ, ಪ್ರಮಾಣಪತ್ರ ಸಿಗುತ್ತದೆಯೇ ಎಂದೆಲ್ಲ ನಾವು ವಿಚಾರಿಸುತ್ತೇವೆ. ಆದರೆ ಅಲ್ಲಿ ನಮ್ಮ ಮಗುವಿನ ಸುರಕ್ಷತೆಗೆ ಹೊಣೆ ಯಾರು ಎಂದು ಕೇಳುವ ಹೆತ್ತವರು ಎಷ್ಟು ಮಂದಿ?

ಈ ಪ್ರಶ್ನೆಯನ್ನು ಕೇಳದಿದ್ದರೆ ಏನಾಗಬಹುದು ಎಂಬುದಕ್ಕೆ ಅಮೇರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯ ಒಂದು ಪಾಠ. ಜೆರಿ ಸ್ಯಾಂಡಸ್ಕಿ ಎಂಬಾತ ಅಲ್ಲಿನ ಪ್ರಸಿದ್ಧ ಫುಟ್ಬಾಲ್ ತಂಡದ ಸಹಾಯಕ ತರಬೇತುದಾರನಾಗಿದ್ದ. ಬಡ ಮಕ್ಕಳ ನೆರವಿಗೆಂದು 1977ರಲ್ಲಿ ಸೇವಾ ಸಂಸ್ಥೆಯೊಂದನ್ನೂ ಸ್ಥಾಪಿಸಿದ್ದ. ಊರಿನ ಪಾಲಿಗೆ ಆತ ಸಜ್ಜನ, ಮಕ್ಕಳ ಬಂಧು. 1998ರಲ್ಲಿ ಹನ್ನೊಂದು ವರ್ಷದ ಬಾಲಕನೊಬ್ಬನ ತಾಯಿ ವಿಶ್ವವಿದ್ಯಾಲಯದ ಪೊಲೀಸರಿಗೆ ದೂರು ನೀಡಿದರು. ತನಿಖೆ ನಡೆಯಿತಾದರೂ ಮೊಕದ್ದಮೆ ದಾಖಲಾಗಲಿಲ್ಲ. 1999ರಲ್ಲಿ ಆತ ನಿವೃತ್ತನಾದ. ಆದರೆ ಕ್ರೀಡಾ ಕಟ್ಟಡಗಳಿಗೆ ಆತನ ಪ್ರವೇಶ ಮಾತ್ರ ನಿಲ್ಲಲಿಲ್ಲ.

2001ರಲ್ಲಿ ತಂಡದ ಕಿರಿಯ ಸಹಾಯಕನೊಬ್ಬ ಸ್ನಾನಗೃಹದಲ್ಲಿ ಬಾಲಕನೊಂದಿಗೆ ಸ್ಯಾಂಡಸ್ಕಿಯನ್ನು ಕಂಡು ಮುಖ್ಯ ತರಬೇತುದಾರ ಜೋ ಪಟೆರ್ನೋಗೆ ತಿಳಿಸಿದ. ಅವರು ಮೇಲಧಿಕಾರಿಗಳಿಗೆ ತಿಳಿಸಿದರು. ವಿಷಯ ವಿಶ್ವವಿದ್ಯಾಲಯದ ಅಧ್ಯಕ್ಷರವರೆಗೂ ಹೋಯಿತು. ಸರಕಾರದ ಮಕ್ಕಳ ಕಲ್ಯಾಣ ಇಲಾಖೆಗೆ ವರದಿ ಮಾಡಬೇಕೆಂಬ ಆಲೋಚನೆ ಮೊದಲು ಇತ್ತು, ನಂತರ ಅದನ್ನು ಕೈಬಿಡಲಾಯಿತು. ಇನ್ನು ಮುಂದೆ ಮಕ್ಕಳನ್ನು ಇಲ್ಲಿಗೆ ಕರೆತರಬೇಡ ಎಂದು ಆತನಿಗೆ ಹೇಳಿ ಸುಮ್ಮನಾದರು. ಆ ಬಾಲಕ ಯಾರು, ಎಲ್ಲಿದ್ದಾನೆ, ಹೇಗಿದ್ದಾನೆ ಎಂದು ಹುಡುಕುವ ಪ್ರಯತ್ನವನ್ನು ಯಾರೂ ಮಾಡಲಿಲ್ಲ. ಮೌನಕ್ಕೆ ಬೆಲೆ ತೆತ್ತವರು ಅದರ ನಂತರವೂ ಬಲಿಯಾದ ಮಕ್ಕಳು.

ಆತನ ಬಂಧನವಾದದ್ದು 2011ರ ನವೆಂಬರಿನಲ್ಲಿ. ಹತ್ತು ಬಾಲಕರಿಗೆ ಸಂಬಂಧಿಸಿದ 45 ಆರೋಪಗಳು 2012ರ ಜೂನ್‌ನಲ್ಲಿ ಸಾಬೀತಾದವು. ಕನಿಷ್ಠ 30, ಗರಿಷ್ಠ 60 ವರ್ಷಗಳ ಸೆರೆವಾಸದ ಶಿಕ್ಷೆಯಾಯಿತು. ಅಧ್ಯಕ್ಷ ಗ್ರಹಾಂ ಸ್ಪ್ಯಾನಿಯರ್ ಮತ್ತು ಪಟೆರ್ನೋ ಹುದ್ದೆ ಕಳೆದುಕೊಂಡರು. 2017ರಲ್ಲಿ ಸ್ಪ್ಯಾನಿಯರ್ ಮಗುವನ್ನು ಅಪಾಯಕ್ಕೆ ಒಡ್ಡಿದ ಅಪರಾಧಿ ಎಂದು ತೀರ್ಪಾಯಿತು. ಇತರ ಇಬ್ಬರು ಅಧಿಕಾರಿಗಳು ತಪ್ಪೊಪ್ಪಿಕೊಂಡರು. ವಿಶ್ವವಿದ್ಯಾಲಯ ಸಂತ್ರಸ್ತರಿಗೆ ಹತ್ತು ಕೋಟಿ ಡಾಲರಿಗೂ ಹೆಚ್ಚು ಪರಿಹಾರ ನೀಡಬೇಕಾಯಿತು. ಕೆಟ್ಟ ಪ್ರಚಾರಕ್ಕೆ ಹೆದರಿ ಸತ್ಯವನ್ನು ಮುಚ್ಚಿಡಲಾಯಿತು ಎಂದು ವಿಶ್ವವಿದ್ಯಾಲಯವೇ ನೇಮಿಸಿದ್ದ ಲೂಯಿಸ್ ಫ್ರೀ ಅವರ ತನಿಖಾ ವರದಿ ಹೇಳಿತು. ಯಾವ ಹೆಸರನ್ನು ಉಳಿಸಲು ಬಾಯಿ ಮುಚ್ಚಿದ್ದರೋ ಆ ಹೆಸರೇ ಬೀದಿಗೆ ಬಿತ್ತು.

ಇದು ಅಮೇರಿಕದ ಅನಾಚಾರ, ನಮಗೇಕೆ ಎಂದು ಮೂಗು ಮುರಿಯುವವರಿರಬಹುದು. ನಿಜವಾಗಿ, ಈ ಪ್ರಕರಣದಲ್ಲಿ ಅಮೇರಿಕಕ್ಕೆ ಮಾತ್ರ ಸೀಮಿತವಾದದ್ದು ಏನಿದೆ? ಗಣ್ಯನೊಬ್ಬನ ಮೇಲಿನ ಕುರುಡು ನಂಬಿಕೆ, ಬಡ ಮಗುವಿನ ಮಾತಿನ ಬಗ್ಗೆ ಉದಾಸೀನ, ಸಂಸ್ಥೆಯ ಪ್ರತಿಷ್ಠೆಯ ಚಿಂತೆ. ಇವು ನಮ್ಮ ಊರಿನಲ್ಲಿ ಇಲ್ಲವೇ? ಆಡಳಿತ ಮಂಡಳಿಯ ನಾಲ್ಕು ಮಂದಿ ಕುಳಿತು ಶಿಕ್ಷಕನನ್ನು ರಾತೋರಾತ್ರಿ ಊರು ಬಿಡಿಸಿ 'ವಿಷಯ ಮುಗಿಯಿತು' ಎನ್ನುವ ಪರಿಪಾಠ ನಮಗೆ ಅಪರಿಚಿತವೇ? ಹಾಗೆ ಊರು ಬಿಟ್ಟವನು ಇನ್ನೊಂದು ಊರಿನ ಮಕ್ಕಳ ಮುಂದೆ ನಿಲ್ಲುತ್ತಾನೆ ಎಂಬುದನ್ನು ನಾವು ಆಲೋಚಿಸಿದ್ದೇವೆಯೇ?

ನಮ್ಮಲ್ಲಿ ಕಾನೂನಿನ ಕೊರತೆಯಿಲ್ಲ. 2012ರ ನವೆಂಬರ್ 14ರಂದು ಜಾರಿಗೆ ಬಂದ ಪೋಕ್ಸೋ ಕಾಯ್ದೆಯ ಪ್ರಕಾರ 18 ವರ್ಷ ತುಂಬದ ಪ್ರತಿಯೊಬ್ಬರೂ ಮಗು, ಹುಡುಗನಿರಲಿ ಹುಡುಗಿಯಿರಲಿ. ಪಿಯುಸಿ ಓದುವ, ಕೆಲವೊಮ್ಮೆ ಪದವಿ ತರಗತಿಗೆ ಆಗ ತಾನೇ ಸೇರಿದ ವಿದ್ಯಾರ್ಥಿಯೂ ಇದರೊಳಗೆ ಬರುತ್ತಾನೆ. ದೌರ್ಜನ್ಯದ ವಿಷಯ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು ಎನ್ನುತ್ತದೆ 19ನೇ ಕಲಂ. ತಿಳಿಸದಿದ್ದರೆ ಆರು ತಿಂಗಳವರೆಗೆ ಸೆರೆವಾಸವಿದೆ. ತನ್ನ ಕೈಕೆಳಗಿನವನ ಕೃತ್ಯವನ್ನು ವರದಿ ಮಾಡದ ಸಂಸ್ಥೆಯ ಮುಖ್ಯಸ್ಥನಿಗೆ ಒಂದು ವರ್ಷದವರೆಗೆ. ಸದುದ್ದೇಶದಿಂದ ಮಾಹಿತಿ ಕೊಟ್ಟವರಿಗೆ ಕಾನೂನಿನ ರಕ್ಷಣೆಯಿದೆ. ಮಕ್ಕಳೊಂದಿಗೆ ನಿರಂತರ ಸಂಪರ್ಕವಿರುವ ಸಂಸ್ಥೆಗಳು ತಮ್ಮ ಸಿಬ್ಬಂದಿಯ ಪೊಲೀಸ್ ಪರಿಶೀಲನೆ ಮಾಡಿಸಬೇಕೆಂದು 2020ರ ನಿಯಮಗಳು ಹೇಳುತ್ತವೆ. ಗುತ್ತಿಗೆ ನೌಕರರೂ ಇದಕ್ಕೆ ಹೊರತಲ್ಲ. ಈ ಕಾನೂನಿಗೆ ವಿಶ್ವವಿದ್ಯಾಲಯ, ಹಾಸ್ಟೆಲ್, ಮದ್ರಸ, ಟ್ಯೂಷನ್ ಕೇಂದ್ರ ಎಂಬ ಭೇದವಿಲ್ಲ. ಕೊರತೆಯಿರುವುದು ಕೇಳುವವರದ್ದು.

ಹಾಗಾದರೆ ಮಕ್ಕಳನ್ನು, ಅದರಲ್ಲೂ ಹೆಣ್ಣು ಮಕ್ಕಳನ್ನು ಶಿಬಿರಕ್ಕೆ ಕಳುಹಿಸದಿರುವುದೇ ಪರಿಹಾರವೇ? ಖಂಡಿತ ಅಲ್ಲ. ಭಯದ ಹೆಸರಿನಲ್ಲಿ ಮಗಳ ಓದನ್ನು ಮೊಟಕುಗೊಳಿಸುವುದೆಂದರೆ ಯಾರದೋ ಅಪರಾಧಕ್ಕೆ ಅವಳಿಗೆ ಶಿಕ್ಷೆ ಕೊಟ್ಟಂತೆ. ಇನ್ನು, ಮಗನ ಬಗ್ಗೆ ಚಿಂತೆಯೇ ಬೇಡ ಎಂಬ ಧೋರಣೆಯೂ ಅಷ್ಟೇ ಅಪಾಯಕಾರಿ. ಪೆನ್ ಸ್ಟೇಟ್‌ನ ಆ ಹತ್ತೂ ಮಂದಿ ಹುಡುಗರೇ ಆಗಿದ್ದರು.

ಆದ್ದರಿಂದ ಮಗುವನ್ನು ಕಳುಹಿಸೋಣ, ಆದರೆ ಕೇಳಿಯೇ ಕಳುಹಿಸೋಣ. ಸಿಬ್ಬಂದಿ ಮತ್ತು ಸ್ವಯಂಸೇವಕರ ಹಿನ್ನೆಲೆಯನ್ನು ಪರಿಶೀಲಿಸಲಾಗಿದೆಯೇ? ಮುಚ್ಚಿದ ಕೋಣೆಯಲ್ಲಿ ಒಬ್ಬ ವಯಸ್ಕ ಮತ್ತು ಒಂದು ಮಗು ಮಾತ್ರ ಇರಕೂಡದೆಂಬ ನಿಯಮವಿದೆಯೇ? ಮಕ್ಕಳ ವಸತಿ ಹಿರಿಯ ವಿದ್ಯಾರ್ಥಿಗಳ ವಸತಿಯಿಂದ ಬೇರೆಯಾಗಿದೆಯೇ? ರಾತ್ರಿ ಅಲ್ಲಿ ಯಾರಿರುತ್ತಾರೆ? ತರಬೇತುದಾರರು ಮಕ್ಕಳಿಗೆ ಖಾಸಗಿಯಾಗಿ ಸಂದೇಶ ಕಳುಹಿಸಬಹುದೇ? ದೂರು ಹೇಳಬೇಕಾದರೆ ಯಾರಿಗೆ? ಉತ್ತಮ ಸಂಸ್ಥೆ ಈ ಪ್ರಶ್ನೆಗಳಿಗೆ ಸಿಟ್ಟಾಗುವುದಿಲ್ಲ. ಸಿಟ್ಟಾಗುವ ಸಂಸ್ಥೆಗೆ ಮಗುವನ್ನು ಒಪ್ಪಿಸುವ ಮುನ್ನ ಎರಡು ಬಾರಿ ಯೋಚಿಸಬೇಕು.

ಎಲ್ಲಕ್ಕಿಂತ ಮುಖ್ಯವಾದುದು ಮನೆಯ ವಾತಾವರಣ. ಏನೇ ನಡೆದರೂ ಅಪ್ಪ ಬಯ್ಯುವುದಿಲ್ಲ, ಅಮ್ಮ ಓದು ಬಿಡಿಸುವುದಿಲ್ಲ ಎಂಬ ಭರವಸೆ ಮಗುವಿಗೆ ಇರಬೇಕು. ಮಕ್ಕಳ ಸಹಾಯವಾಣಿ 1098 ಮಗುವಿಗೆ ಬಾಯಿಪಾಠವಾಗಿರಬೇಕು. ಮಗು ಹೇಳಲಾರದ್ದನ್ನು ಹೇಳಲು ತೊದಲಿದಾಗ 'ಹೊರಗೆ ಹೇಳಬೇಡ, ಮಾನ ಹೋಗುತ್ತದೆ' ಎಂಬುದು ನಮ್ಮ ಮೊದಲ ಮಾತಾಗದಿರಲಿ. ಮಾನ ಹೋಗಬೇಕಾದದ್ದು ಅಪರಾಧ ಮಾಡಿದವನದ್ದು ಮತ್ತು ಅದನ್ನು ಮುಚ್ಚಿಟ್ಟವರದ್ದು. ಮಗುವಿನದ್ದಲ್ಲ.