ಮಾಸ್ಕೋದ ಕತ್ತರಿಯೂ ನಮ್ಮ ಉಳ್ಳಾಗಡ್ಡಿಯೂ



ರಶಿಯಾದ ಕತೆ ಕಟ್ಟಿಕೊಂಡು ಬಾದಾಮಿ, ಹುನಗುಂದದ ರೈತನಿಗೆ ಏನಾಗಬೇಕು ಅಂತ ಕೇಳಬೇಡ್ರಿ. ರೈತನ ಮಾಲಿನ ಬೆಲೆ ತುಳಿದು ದೇಶ ಕಟ್ಟುವ ವಿಚಾರ ಎಲ್ಲ ರಾಜಧಾನಿಗಳಲ್ಲೂ ನಡೆಯುತ್ತದೆ. ಅಲ್ಲಿಯ ನಾಯಕರು ಅದನ್ನು ಬಾಯಿ ಬಿಟ್ಟು ಆಡಿದರು, ಅಷ್ಟೇ ಫರಕು.

1923ರಲ್ಲಿ ಅಲ್ಲಿ ಕಾರ್ಖಾನೆ ಮಾಲಿನ ಬೆಲೆ 1913ರ ಬೆಲೆಯ ಎರಡೂವರೆ ಪಟ್ಟನ್ನೂ ದಾಟಿತು. ರೈತನ ಮಾಲಿನ ಬೆಲೆ ಆ ಹಳೇ ಮಟ್ಟವನ್ನು ಸಹ ಮುಟ್ಟಲಿಲ್ಲ. ಕಾಗದದ ಮೇಲೆ ಗೆರೆ ಎಳೆದರೆ ಒಂದು ಮೇಲಕ್ಕೆ, ಒಂದು ಕೆಳಕ್ಕೆ. ಟ್ರಾಟ್ಸ್ಕಿ ಇದನ್ನು 'ಕತ್ತರಿ' ಎಂದು ಕರೆದ.

1924ರ ಜನವರಿಯಲ್ಲಿ ಲೆನಿನ್ ತೀರಿಕೊಂಡ. ಗಾದಿಯ ಜಗಳವೂ ಬೆಲೆಯ ಜಗಳವೂ ಒಂದಕ್ಕೊಂದು ಹೆಣೆದುಕೊಂಡವು. ಕಾರ್ಖಾನೆ ಕಟ್ಟಲು ಬಂಡವಾಳ ಬೇಕು, ಅದನ್ನು ಬೆಲೆಯ ಮೂಲಕ ರೈತನಿಂದ ತೆಗೆಯಬೇಕು ಎಂದು ಪ್ರಿಯೊಬ್ರಾಜೆನ್‌ಸ್ಕಿ ಎಂಬ ಅರ್ಥಶಾಸ್ತ್ರಿ ವಾದಿಸಿದ. ರೈತನ ಕೈಯಲ್ಲಿ ರೊಕ್ಕ ಆಡಿದರೆ ಅವನೇ ಮಾಲು ಕೊಂಡು ಕಾರ್ಖಾನೆ ಬೆಳೆಸುತ್ತಾನೆ ಎಂದ ಬುಖಾರಿನ್, 1925ರಲ್ಲಿ ರೈತರಿಗೆ ಶ್ರೀಮಂತರಾಗಿರಿ ಎಂದೇ ಕರೆ ಕೊಟ್ಟ. ಸ್ಟಾಲಿನ್ ಆಗ ಬುಖಾರಿನ್ ಪಕ್ಕ ನಿಂತು ಎದುರಾಳಿಗಳನ್ನು ಹೊರಗೆ ಹಾಕಿಸಿದ.

1927ರ ಸುಗ್ಗಿ ಮುಗಿದ ಮೇಲೆ ಸರಕಾರದ ದರ ಗಿಟ್ಟದೆ ರೈತರು ಕಾಳು ಮಾರದೆ ಇಟ್ಟುಕೊಂಡರು. ನಾವಾದರೂ ಅದನ್ನೇ ಮಾಡುತ್ತಿದ್ದೆವಲ್ಲವೇ? 1928ರ ಜನವರಿಯಲ್ಲಿ ಸ್ಟಾಲಿನ್ ಸ್ವತಃ ಸೈಬೀರಿಯಾಕ್ಕೆ ಹೋಗಿ, ಕಾಳು ಇಟ್ಟುಕೊಂಡವರ ಮೇಲೆ ಖಟ್ಲೆ ಹಾಕಿಸಿ ಜಪ್ತಿ ಮಾಡಿಸಿದ. ರೈತ ಕೊಡುತ್ತಿರುವುದು ಒಂಥರಾ ಕಪ್ಪವೇ, ಇನ್ನೂ ಕೆಲಕಾಲ ಅದು ಬೇಕು ಎಂದು ಅದೇ ಜುಲೈ ತಿಂಗಳ ಪಕ್ಷದ ಸಭೆಯಲ್ಲಿ ಒಪ್ಪಿಕೊಂಡ. 1929ರಲ್ಲಿ ಬುಖಾರಿನ್‌ನನ್ನು ಉರುಳಿಸಿದ. ಹೊಲ, ದನ ಎಲ್ಲ ಬಲವಂತದಿಂದ ಸಾಮೂಹಿಕ ಬೇಸಾಯಕ್ಕೆ ಹೋದವು. 1932-33ರಲ್ಲಿ ಉಕ್ರೇನ್, ಕಜಾಕಸ್ತಾನಗಳಲ್ಲಿ ಅನ್ನ ಬೆಳೆದವರೇ ಅನ್ನವಿಲ್ಲದೆ ಹತ್ತಾರು ಲಕ್ಷ ಸಂಖ್ಯೆಯಲ್ಲಿ ಸತ್ತರು. ಪ್ರಿಯೊಬ್ರಾಜೆನ್‌ಸ್ಕಿಯನ್ನು 1937ರಲ್ಲಿ, ಬುಖಾರಿನ್‌ನನ್ನು 1938ರಲ್ಲಿ ಗುಂಡಿಕ್ಕಿ ಕೊಂದರು.

ಇದರಲ್ಲಿ ನಾವು ನೋಡಬೇಕಾದದ್ದು ಒಂದೇ. ಅಷ್ಟು ವರ್ಷದ ವಾದದಲ್ಲಿ ರೈತನಿಗೆ ಕುರ್ಚಿ ಇರಲಿಲ್ಲ. ಅವನ ಪರವಾಗಿ ಮಾತಾಡಿದವನೂ ಪಕ್ಷದ ನಾಯಕನೇ. ಆ ನಾಯಕ ಬಿದ್ದ ದಿನ ರೈತನ ಮಾತೂ ಬಿತ್ತು.

ನಮ್ಮ ಕಡೆ ಬರ್ರಿ. 1980ರಲ್ಲಿ ಮಲಪ್ರಭಾ ಕಾಲುವೆ ಸೀಮೆಯ ರೈತರ ಮೇಲೆ ಬೆಟರ್‌ಮೆಂಟ್ ಲೆವಿ ಬಿತ್ತು. ನರಗುಂದ, ನವಲಗುಂದ ಎದ್ದವು. ಜುಲೈ 21ರ ಗೋಲಿಬಾರಿನಲ್ಲಿ ರೈತರು ಜೀವ ಕೊಟ್ಟರು. ಅದೇ ವರ್ಷ ಕರ್ನಾಟಕ ರಾಜ್ಯ ರೈತ ಸಂಘ ಹುಟ್ಟಿತು. ಆ ಕರಕ್ಕೆ ಹೆಸರಿತ್ತು, ನೋಟೀಸಿತ್ತು, ಆದ್ದರಿಂದ ಎದುರಿಸಿ ನಿಲ್ಲಲು ಆಯಿತು. 2023ರ ಡಿಸೆಂಬರಿನಲ್ಲಿ ಕೇಂದ್ರ ಸರಕಾರ ಉಳ್ಳಾಗಡ್ಡಿ ರಫ್ತು ನಿಲ್ಲಿಸಿತು. 2024ರ ಮೇ ತಿಂಗಳವರೆಗೆ ನಿಷೇಧ ತೆಗೆಯಲಿಲ್ಲ. ಪೇಟೆಯಲ್ಲಿ ದರ ಕುಸಿಯಿತು. ಬಾಗಲಕೋಟೆ ಸೀಮೆಯ ರೈತ ಕಳೆದುಕೊಂಡ ಆ ರೊಕ್ಕಕ್ಕೆ ಯಾರಾದರೂ ಪಾವತಿ ಕೊಟ್ಟರೇನು? ಅದೂ ಕಪ್ಪವೇ.

'ಜೋಳ, ಉಳ್ಳಾಗಡ್ಡಿ ತುಟ್ಟಿಯಾದರೆ ಇಳಕಲ್ಲಿನ ನೇಕಾರ ಏನು ತಿನ್ನಬೇಕು?' ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆಯೇ. ಆದರೆ ನೇಕಾರನ ಹೊಟ್ಟೆ ತುಂಬಿಸುವ ಭಾರವನ್ನು ರೈತನೊಬ್ಬನ ಮೇಲೆ ಹೇರುವುದು ಯಾವ ನ್ಯಾಯ? ನೇಕಾರನ ಮಜೂರಿ ಏರಲಿ, ರೇಶನ್ ಸರಿಯಾಗಿ ಸಿಗಲಿ, ಅದರ ಖರ್ಚನ್ನು ಇಡೀ ದೇಶ ಹೊರಲಿ. ಸುಗ್ಗಿ ಕೈಗೆ ಹತ್ತಿದ ವರ್ಷವೇ ನಮ್ಮ ಮನೆಯ ಹೆಣ್ಣುಮಕ್ಕಳಿಗೆ ಇಳಕಲ್ ಸೀರೆ ಬರುತ್ತದೆ. ರೈತ ಬರಿಗೈಯಾದರೆ ಮಗ್ಗವೂ ನಿಲ್ಲುತ್ತದೆ.

ಸಾಲದ ಲೆಕ್ಕ ಎಲ್ಲರ ಮನೆಯಲ್ಲಿದೆ. ಅದರ ಜೊತೆಗೆ ಇನ್ನೊಂದು ಲೆಕ್ಕ ಇಡ್ರಿ. ಈ ವರ್ಷ ಒಂದು ಚೀಲ ಗೊಬ್ಬರಕ್ಕೆ ಎಷ್ಟು ಕಿಲೋ ಜೋಳ ಮಾರಬೇಕಾಯಿತು, ಒಂದು ಸೀರೆಗೆ ಎಷ್ಟು ಚೀಲ ಉಳ್ಳಾಗಡ್ಡಿ ಹೋಯಿತು, ಹೋದ ವರ್ಷ ಎಷ್ಟಿತ್ತು, ಬರೆದಿಡ್ರಿ. ಊರೂರಿನ ಲೆಕ್ಕ ಕೂಡಿಸಿ ಸಂಘದ ಸಭೆಗೆ ತರ್ರಿ. ಬೆಲೆ ಗೊತ್ತು ಮಾಡುವ ಕಡೆ ನಮಗೆ ಕುರ್ಚಿ ಬೇಕೆಂದು ಕೇಳುವಾಗ ಕೈಯಲ್ಲಿ ಆ ಕಾಗದ ಇರಬೇಕು.